ದಸರಾ ಹೊತ್ತಿಗೆ ಹಳದಿಯಾಗುವ ಮರ: ಸೆನ್ನಾ ಸ್ಪೆಕ್ಟಾಬಿಲಿಸ್ ಗುರುತಿಸುವುದು ಹೇಗೆ?

ಅಕ್ಟೋಬರ್ ತಿಂಗಳಲ್ಲಿ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಬಸ್ಸಿನಲ್ಲಿ ಹೋದವರು ಈ ಮರವನ್ನು ಖಂಡಿತ ನೋಡಿರುತ್ತಾರೆ. ಬಂಡೀಪುರದ ಮೂಲೆಹೊಳೆ ದಾಟಿ ಕೇರಳದ ಮುತ್ತಂಗಕ್ಕೆ ಬರುತ್ತಿದ್ದಂತೆ ರಸ್ತೆಯ ಎರಡೂ ಬದಿಯಲ್ಲಿ ಕಾಡೇ ಹಳದಿಯಾಗಿರುತ್ತದೆ. ಬಸ್ಸಿನಲ್ಲಿದ್ದವರೆಲ್ಲ ಮೊಬೈಲ್ ಹೊರಗೆ ತೆಗೆಯುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಆ ಮರದ ಬುಡದಲ್ಲಿ. ಅಲ್ಲಿ ಹುಲ್ಲು ಇರುವುದಿಲ್ಲ.

ಆ ಮರದ ಹೆಸರು ಸೆನ್ನಾ ಸ್ಪೆಕ್ಟಾಬಿಲಿಸ್. ಹಳೆಯ ಪುಸ್ತಕಗಳಲ್ಲಿ, ನರ್ಸರಿಗಳಲ್ಲಿ ಇದನ್ನೇ ಕ್ಯಾಸಿಯಾ ಸ್ಪೆಕ್ಟಾಬಿಲಿಸ್ ಅನ್ನುತ್ತಾರೆ. ವಯನಾಡಿನವರಿಗೆ ಇದು ಮಂಜಕೊನ್ನ. ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಂದಕ್ಕೆ, ನೆರಳಿಗೆ ಅಂತ ಬೇರೆ ದೇಶಗಳಿಗೆ ತಂದರು. ವಯನಾಡಿನಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೆಟ್ಟರು. ಅಲ್ಲಿಂದ ಅದು ಯಾರ ಅಪ್ಪಣೆಗೂ ಕಾಯಲಿಲ್ಲ. ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆ ಒಂದಕ್ಕೊಂದು ಅಂಟಿಕೊಂಡ ಕಾಡುಗಳು. ಬೀಜಕ್ಕೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ. ಈಗ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಎಲ್ಲ ಕಡೆಯೂ ಇದೆ. ಬೆಂಗಳೂರಿನ ರಸ್ತೆ ಬದಿಯಲ್ಲಿ, ಉದ್ಯಾನಗಳಲ್ಲಿ ಅಲಂಕಾರದ ಮರವಾಗಿ ನಿಂತಿರುವುದೂ ಇದೇ.

ಇದು ಬೇಗ ಬೆಳೆಯುತ್ತದೆ, ಕೊಡೆಯಂತೆ ಹರಡಿ ನೆಲಕ್ಕೆ ಬಿಸಿಲು ಬೀಳದಂತೆ ಮಾಡುತ್ತದೆ. ಕೆಳಗೆ ಹುಲ್ಲು, ನಮ್ಮ ಮರಗಳ ಸಸಿಗಳು ಏಳುವುದಿಲ್ಲ. ಇದರ ಎಲೆಗೆ ಜಿಂಕೆ, ಕಾಟಿ, ಆನೆ ಹೆಚ್ಚಾಗಿ ಬಾಯಿ ಹಾಕುವುದಿಲ್ಲ. ಅಂದರೆ ಮೇಯುವ ಪ್ರಾಣಿಗಳ ಪಾಲಿಗೆ ಅಷ್ಟು ಜಾಗ ಹೋದಂತೆಯೇ. ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲುವುದಿಲ್ಲ, ಜಿಂಕೆ ಇಲ್ಲದ ಕಡೆ ಹುಲಿ ಏನು ಮಾಡೀತು?

ಇಷ್ಟು ಗೊತ್ತಾದ ಕೂಡಲೇ ಹಳದಿ ಹೂವಿನ ಮರ ಕಂಡಲ್ಲೆಲ್ಲ ಮಚ್ಚು ಎತ್ತುವವರಿದ್ದಾರೆ. ಅದಕ್ಕೇ ಈ ಬರಹ. ನಮ್ಮದೇ ಕಾಡಿನ ಕಕ್ಕೆ ಮರಕ್ಕೂ ಹಳದಿ ಹೂವೇ, ಹೊನ್ನೆಗೂ ಹಳದಿ ಹೂವೇ. ಬಣ್ಣ ನೋಡಿ ತೀರ್ಮಾನ ಮಾಡಿದರೆ ಮೊದಲು ಬಲಿಯಾಗುವುದು ಕಕ್ಕೆ. ನನ್ನ ಲೆಕ್ಕದಲ್ಲಿ ನಂಬಬೇಕಾದ ಕ್ರಮ ಹೀಗೆ: ಮೊದಲು ಕಾಯಿ, ಆಮೇಲೆ ಎಲೆ, ಆಮೇಲೆ ಹೂಗೊಂಚಲು ನಿಂತಿರುವ ರೀತಿ, ಆಮೇಲೆ ಹೂ ಬಿಡುವ ಕಾಲ. ಬಣ್ಣ ಕಟ್ಟಕಡೆಗೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ಅಳತೆ ಟೇಪು ಅಥವಾ ಶಾಲೆ ಮಕ್ಕಳ ಸ್ಕೇಲು, ಚಿಕ್ಕ ಭೂತಗನ್ನಡಿ, ಕಾಯಿ ಸೀಳಲು ಚಾಕು, ಕ್ಯಾಮೆರಾ ಚೆನ್ನಾಗಿರುವ ಮೊಬೈಲು. ಮರ ಎತ್ತರ ಇದ್ದರೆ ಬೈನಾಕ್ಯುಲರ್ ಉಪಯೋಗಕ್ಕೆ ಬರುತ್ತದೆ. ಬಾಯಿ ಬಿಗಿಯಾಗಿ ಮುಚ್ಚುವ ಒಂದೆರಡು ಪ್ಲಾಸ್ಟಿಕ್ ಚೀಲವೂ ಇರಲಿ. ಕಾಯಿ ಕಿತ್ತರೆ ಅದರಲ್ಲೇ ಹಾಕಿ. ಜೇಬಿಗೆ ಹಾಕಿಕೊಂಡು ದಾರಿಯಲ್ಲಿ ಬೀಜ ಚೆಲ್ಲಿಕೊಂಡು ಬಂದರೆ ಮರದ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗಾಗುತ್ತದೆ.

ಇನ್ನೊಂದು ಮಾತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ವಾಹನದಿಂದ ಇಳಿಯುವ ಹಾಗಿಲ್ಲ, ಒಂದು ಎಲೆ ಕೀಳುವ ಹಾಗೂ ಇಲ್ಲ. ಕಲಿಯಬೇಕು ಅಂದರೆ ಊರಿನ ಪಾರ್ಕು, ರಸ್ತೆ ಬದಿ, ಸ್ವಂತ ತೋಟದಲ್ಲಿ ಕಲಿಯಿರಿ. ಅಲ್ಲಿ ಕಣ್ಣು ಪಳಗಿದರೆ ಸಫಾರಿ ಜೀಪಿನಲ್ಲಿ ಕೂತೇ ಗುರುತಿಸಬಹುದು.

ಹಂತ 1: ಮೊದಲು ಕ್ಯಾಲೆಂಡರ್ ನೋಡಿ

ಕಕ್ಕೆ ಹೂ ಬಿಡುವುದು ಬೇಸಿಗೆಯಲ್ಲಿ. ಯುಗಾದಿಯ ಆಸುಪಾಸಿನಲ್ಲಿ ಶುರುವಾಗಿ ಮಳೆ ಬೀಳುವ ತನಕ ಇರುತ್ತದೆ. ಮಲಯಾಳಿಗಳು ವಿಷು ಹಬ್ಬಕ್ಕೆ ಇಡುವ ಕಣಿಕೊನ್ನ ಇದೇ ಕಕ್ಕೆ. ಆ ಹೊತ್ತಿಗೆ ಮರದಲ್ಲಿ ಎಲೆ ಉದುರಿ ಬರೀ ಹೂವೇ ಇರುವುದೂ ಉಂಟು.

ಸ್ಪೆಕ್ಟಾಬಿಲಿಸ್ ಹಾಗಲ್ಲ. ನಮ್ಮ ಕಡೆ ಮಳೆ ಕಡಿಮೆಯಾಗುವ ಹೊತ್ತಿಗೆ, ಸೆಪ್ಟೆಂಬರ್‌ನಿಂದ ನವೆಂಬರ್ ತನಕ, ಅದರ ಹೂವಿನ ಅಬ್ಬರ. ದಸರಾ, ದೀಪಾವಳಿ ಕಾಲ ಅಂತ ನೆನಪಿಟ್ಟುಕೊಳ್ಳಿ. ಮರದಲ್ಲಿ ಎಲೆ ಹಸಿರಾಗಿ ತುಂಬಿರುತ್ತದೆ, ಅದರ ಮೇಲೆ ಹೂ. ಡಿಸೆಂಬರ್ ಹೊತ್ತಿಗೆ ಹಸಿರು ಕಾಯಿ, ಹೊಸ ವರ್ಷ ಬಂದ ಮೇಲೆ ಕಪ್ಪು ಕಾಯಿ.

ಆದರೆ ಮರಗಳು ಪಂಚಾಂಗ ನೋಡಿ ಹೂ ಬಿಡುವುದಿಲ್ಲ. ಊರಿನಲ್ಲಿ ನೀರು ಹಾಕಿ ಬೆಳೆಸಿದ ಮರ ಅಕಾಲದಲ್ಲೂ ಒಂದೆರಡು ಗೊಂಚಲು ಬಿಡಬಹುದು. ಹಾಗಾಗಿ ಅಕ್ಟೋಬರ್‌ನಲ್ಲಿ ಹಳದಿ ಕಂಡರೆ ಅನುಮಾನ ಪಡಿ, ಅಷ್ಟೇ. ಅಪರಾಧಿ ಅಂತ ಹೇಳಬೇಡಿ.

ಹಂತ 2: ಗೊಂಚಲು ಮೇಲಕ್ಕೋ ಕೆಳಕ್ಕೋ?

ಇದಕ್ಕೆ ಮರದ ಹತ್ತಿರ ಹೋಗುವ ಅಗತ್ಯವೂ ಇಲ್ಲ. ಕಕ್ಕೆಯ ಹೂಗೊಂಚಲು ಕೆಳಕ್ಕೆ ಜೋತು ಬೀಳುತ್ತದೆ. ಉದ್ದವಾಗಿ, ಸಡಿಲವಾಗಿ, ಗಾಳಿ ಬೀಸಿದರೆ ಅಲ್ಲಾಡುತ್ತದೆ. ಸ್ಪೆಕ್ಟಾಬಿಲಿಸ್‌ನ ಗೊಂಚಲು ಕೊಂಬೆಯ ತುದಿಯಲ್ಲಿ ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ. ಒಂದೊಂದು ಗೊಂಚಲು ಒಂದು ಗೇಣಿನಷ್ಟು ಅಥವಾ ಅದಕ್ಕಿಂತ ತುಸು ಉದ್ದ, ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಕೆಳಗಿನ ಹೂಗಳು ಮೊದಲು ಅರಳುತ್ತವೆ, ತುದಿಯಲ್ಲಿ ದುಂಡು ಮೊಗ್ಗುಗಳು ಇನ್ನೂ ಮುಚ್ಚಿಕೊಂಡಿರುತ್ತವೆ.

ಕೆಳಕ್ಕೆ ಜೋತು ಬಿದ್ದಿದ್ದರೆ ಕಕ್ಕೆ, ಬಿಟ್ಟುಬಿಡಿ. ಮೇಲಕ್ಕೆ ನಿಂತಿದ್ದರೆ ಮುಂದಿನ ಹಂತಕ್ಕೆ ಹೋಗಿ. ಯಾಕೆಂದರೆ ಮೇಲಕ್ಕೆ ನಿಲ್ಲುವ ಹಳದಿ ಗೊಂಚಲು ಸೀಮೆ ತಂಗಡಿಗೂ ಇದೆ, ಹಳದಿ ಗುಲ್‌ಮೊಹರ್‌ಗೂ ಇದೆ.

ಹಂತ 3: ಎಲೆ ಓದುವುದು

ಹೂವಾಗಲಿ ಕಾಯಾಗಲಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಸಿಗುತ್ತದೆ. ಎಲೆ ಹೆಚ್ಚು ಕಾಲ ಸಿಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸಿ.

ಮೊದಲು ಒಂದು ಇಡೀ ಎಲೆ ಯಾವುದು ಅಂತ ತಿಳಿಯಬೇಕು. ಹೊಂಗೆ, ಬೇವಿನಂತೆ ಇದೂ ಕಿರುಎಲೆಗಳನ್ನು ಜೋಡಿಸಿದ ಎಲೆ. ನಡುವೆ ಒಂದು ಕಡ್ಡಿ, ಅದರ ಎರಡೂ ಪಕ್ಕ ಕಿರುಎಲೆಗಳು. ಕೊಂಬೆಗೆ ಕಡ್ಡಿ ಸೇರುವ ಜಾಗದಿಂದ ತುದಿಯವರೆಗೆ ಎಲ್ಲ ಸೇರಿ ಒಂದು ಎಲೆ. ಸ್ಪೆಕ್ಟಾಬಿಲಿಸ್‌ನಲ್ಲಿ ಅದು 40 ಸೆಂ.ಮೀ. ತನಕ ಉದ್ದ ಇರಬಹುದು.

ಈಗ ತುದಿ ನೋಡಿ. ಬೇವಿನ ಎಲೆಯ ತುದಿಯಲ್ಲಿ ಒಂಟಿ ಕಿರುಎಲೆ ಇರುವುದುಂಟು. ಸೆನ್ನಾ, ಕಕ್ಕೆ ಜಾತಿಯಲ್ಲಿ ತುದಿಯಲ್ಲೂ ಜೋಡಿಯೇ ಇರುತ್ತದೆ, ಒಂಟಿ ಇರುವುದಿಲ್ಲ. ಒಂಟಿ ಕಂಡರೆ ಅದು ಈ ಗುಂಪಿನ ಮರವೇ ಅಲ್ಲ.

ಮುಂದೆ ಜೋಡಿ ಎಣಿಸಿ. ಕಕ್ಕೆಯಲ್ಲಿ ಜೋಡಿ ಕಡಿಮೆ, 3ರಿಂದ 8. ಕಿರುಎಲೆ ಮಾತ್ರ ದೊಡ್ಡದು. ಅಂಗೈಯಷ್ಟು ಉದ್ದ ಬರುತ್ತದೆ, ಅಗಲವಾಗಿ, ನುಣುಪಾಗಿ ಇರುತ್ತದೆ. ಸ್ಪೆಕ್ಟಾಬಿಲಿಸ್‌ನಲ್ಲಿ ಜೋಡಿ ಜಾಸ್ತಿ. ಸಾಮಾನ್ಯವಾಗಿ 10ರಿಂದ 15 ಸಿಗುತ್ತದೆ. ಕಿರುಎಲೆ ಸಣ್ಣದು, ಕಿರಿದು, ಮೂರರಿಂದ ಏಳು ಸೆಂ.ಮೀ. ಉದ್ದ. ಒಂದೇ ಎಲೆ ಎಣಿಸಿ ಬಿಡಬೇಡಿ, ಮರದ ಬೇರೆ ಬೇರೆ ಕಡೆಯ ನಾಲ್ಕೈದು ಎಲೆ ಎಣಿಸಿ. ನೆರಳಿನ ಎಲೆಗೂ ಬಿಸಿಲಿನ ಎಲೆಗೂ ವ್ಯತ್ಯಾಸ ಇರುತ್ತದೆ.

ಕಿರುಎಲೆಯ ತುದಿ ಚೂಪಾಗಿದೆಯೋ ದುಂಡಗಿದೆಯೋ ನೋಡಿ. ಸ್ಪೆಕ್ಟಾಬಿಲಿಸ್‌ನದು ಚೂಪು. ಎಲೆ ತಿರುಗಿಸಿ ಕೆಳಭಾಗವನ್ನು ಬೆರಳಿನಿಂದ ಸವರಿ. ಸಣ್ಣಗೆ, ಮೆತ್ತಗೆ ರೋಮ ಇರುವುದು ತಿಳಿಯುತ್ತದೆ. ಭೂತಗನ್ನಡಿ ಇದ್ದರೆ ಕಾಣುತ್ತದೆ ಕೂಡ. ಮೇಲ್ಭಾಗಕ್ಕಿಂತ ಕೆಳಭಾಗ ಸ್ವಲ್ಪ ಮಾಸಲು ಹಸಿರು.

ಎಲೆಯಲ್ಲಿ ಕೊನೆಯದು ಗ್ರಂಥಿ. ಸೆನ್ನಾ ಗುಂಪಿನ ಎಷ್ಟೋ ಗಿಡಗಳಲ್ಲಿ ಎಲೆಯ ಕಡ್ಡಿಯ ಮೇಲೆ, ಕಿರುಎಲೆ ಜೋಡಿಗಳ ನಡುವೆ ಅಥವಾ ಕಡ್ಡಿಯ ಬುಡದಲ್ಲಿ ಸಣ್ಣ ಗುಬುಟು ಇರುತ್ತದೆ. ಹೊಲದ ಬದುವಿನ ತಂಗಡಿಯಲ್ಲಿ ಇದು ಪ್ರತಿ ಜೋಡಿಯ ನಡುವೆಯೂ ಎದ್ದು ಕಾಣುತ್ತದೆ. ತಗಚೆ ಸೊಪ್ಪಿನಲ್ಲೂ ಕೆಳಗಿನ ಜೋಡಿಗಳ ನಡುವೆ ಸಿಗುತ್ತದೆ. ಸ್ಪೆಕ್ಟಾಬಿಲಿಸ್‌ನಲ್ಲಿ ಎಲ್ಲೂ ಇರುವುದಿಲ್ಲ. ಗುಬುಟು ಸಿಕ್ಕಿತೋ, ಅದು ಬೇರೆ ಗಿಡ.

ಸಂಜೆ ಹೊತ್ತು ಹೋದರೆ ಕಿರುಎಲೆಗಳು ಮುದುಡಿ ಜೋತು ಬಿದ್ದಿರುತ್ತವೆ. ಅದನ್ನು ಲಕ್ಷಣ ಅಂದುಕೊಳ್ಳಬೇಡಿ. ಕಕ್ಕೆಯೂ ಸೇರಿ ಈ ಬಳಗದ ಸುಮಾರು ಗಿಡಗಳು ರಾತ್ರಿ ಎಲೆ ಮಡಚುತ್ತವೆ. ಬೆಳಗ್ಗೆ ಹೋಗಿ ನೋಡುವುದೇ ಒಳ್ಳೆಯದು.

ಹಂತ 4: ಒಂದು ಹೂ ಕೈಯಲ್ಲಿ ಹಿಡಿದು

ಬುಡದಲ್ಲಿ ಉದುರಿದ ಹೂ ಸಾಕು, ಕೀಳಬೇಕಾಗಿಲ್ಲ. ಆದರೆ ಬಾಡಿರಬಾರದು.

ಐದು ಎಸಳು, ಗಾಢ ಹಳದಿ. ಐದೂ ಒಂದೇ ಅಳತೆಯಲ್ಲಿ ಇರುವುದಿಲ್ಲ, ಹೂ ಸ್ವಲ್ಪ ಸೊಟ್ಟಗೆ ಇದ್ದಂತೆ ಕಾಣುತ್ತದೆ. ನಡುವಿನಿಂದ ಹಸಿರು ಕಡ್ಡಿಯೊಂದು ಬಾಗಿ ಹೊರಗೆ ಬಂದಿರುತ್ತದೆ, ಮುಂದೆ ಕಾಯಿ ಆಗುವುದು ಅದೇ. ಸುತ್ತ 10 ಕೇಸರಗಳು. ಅದರಲ್ಲಿ ಪರಾಗ ಇರುವುದು 7ರಲ್ಲಿ, ಉಳಿದ 3 ಸಣ್ಣಗೆ ಚಪ್ಪಟೆಯಾಗಿ ಸುಮ್ನೆ ಹೆಸರಿಗೆ ನಿಂತಿರುತ್ತವೆ.

ಕೇಸರದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪರಾಗದ ಚೀಲ ಉದ್ದಕ್ಕೆ ಬಿರಿದಿರುವುದಿಲ್ಲ. ತುದಿಯಲ್ಲಿ ಸಣ್ಣ ತೂತು ಮಾತ್ರ. ಇದರಲ್ಲಿ ಮಕರಂದವೂ ಇಲ್ಲ. ಹಾಗಾದರೆ ದುಂಬಿ ಯಾಕೆ ಬರುತ್ತದೆ? ಪರಾಗಕ್ಕೆ. ದೊಡ್ಡ ಕರಿ ದುಂಬಿ ಬಂದು ಕೇಸರವನ್ನು ಕಾಲಿನಲ್ಲಿ ಅಪ್ಪಿ ಹಿಡಿದು ಮೈಯನ್ನು ಗುಂಯ್ ಅಂತ ನಡುಗಿಸುತ್ತದೆ. ಆ ನಡುಕಕ್ಕೆ ಪರಾಗ ತೂತಿನಿಂದ ಚಿಮ್ಮಿ ಅದರ ಹೊಟ್ಟೆಯ ಮೇಲೆ ಬೀಳುತ್ತದೆ. ಹಾರುವಾಗಿನ ಸದ್ದಿಗೂ ಈ ಸದ್ದಿಗೂ ವ್ಯತ್ಯಾಸ ಇದೆ, ಇದು ತುಂಡು ತುಂಡಾಗಿ, ಏರಿದ ದನಿಯಲ್ಲಿ ಕೇಳುತ್ತದೆ. ಹೂ ಬಿಟ್ಟ ಮರದ ಕೆಳಗೆ ಬೆಳಗ್ಗೆ ಐದು ನಿಮಿಷ ಸುಮ್ಮನೆ ನಿಂತರೆ ಸಾಕು.

ಆದರೆ ಇದೂ ಪಕ್ಕಾ ಗುರುತಲ್ಲ. ಸೆನ್ನಾ ಬಳಗದ ಇತರ ಹೂಗಳಲ್ಲೂ ಹೀಗೇ ನಡೆಯುತ್ತದೆ. ಕಕ್ಕೆಯಿಂದ ಬೇರೆ ಮಾಡಲು ಮಾತ್ರ ಹೂವು ಚೆನ್ನಾಗಿ ನೆರವಾಗುತ್ತದೆ. ಕಕ್ಕೆ ಹೂವಿನಲ್ಲಿ ಮೂರು ಕೇಸರಗಳು ತುಂಬಾ ಉದ್ದ, ಕೊಕ್ಕೆಯಂತೆ ಬಾಗಿ ಎಸಳಿನಾಚೆಗೆ ಚಾಚಿರುತ್ತವೆ. ಅಷ್ಟು ಉದ್ದದ ಬಾಗಿದ ಕೇಸರ ಸ್ಪೆಕ್ಟಾಬಿಲಿಸ್‌ನಲ್ಲಿಲ್ಲ.

ಹಂತ 5: ಕಾಯಿ ಸೀಳಿ ನೋಡಿ

ನನ್ನನ್ನು ಕೇಳಿದರೆ ಒಂದೇ ಒಂದು ಪರೀಕ್ಷೆಗೆ ಅವಕಾಶ ಇದ್ದರೆ ಇದನ್ನೇ ಮಾಡಿ. ಜನವರಿಯಿಂದ ಮಾರ್ಚ್ ತನಕ ಮರದಲ್ಲೂ ಬುಡದಲ್ಲೂ ಕಾಯಿ ಧಾರಾಳವಾಗಿ ಸಿಗುತ್ತದೆ.

ಸ್ಪೆಕ್ಟಾಬಿಲಿಸ್‌ನ ಕಾಯಿ ಉದ್ದಕ್ಕೆ, ದುಂಡಗೆ, ಪೆನ್ಸಿಲ್‌ನಂತೆ. 15ರಿಂದ 30 ಸೆಂ.ಮೀ. ಉದ್ದ, ದಪ್ಪ ಸುಮಾರು ಒಂದು ಸೆಂ.ಮೀ. ಮಾತ್ರ. ಎಳೆಯದು ಹಸಿರು, ಬಲಿತದ್ದು ಕಪ್ಪು. ಬೆರಳಿನಿಂದ ಉದ್ದಕ್ಕೆ ಸವರಿದರೆ ಒತ್ತೊತ್ತಾಗಿ ಉಂಗುರದಂತಹ ಗೀರುಗಳು ಸಿಗುತ್ತವೆ. ಮೇಲಕ್ಕೆ ನಿಂತಿದ್ದ ಹೂಗೊಂಚಲಿನ ಜಾಗದಲ್ಲೇ ಕಾಯಿಗಳು ಗೊಂಚಲಾಗಿ ಕೆಳಕ್ಕೆ ಇಳಿಬಿದ್ದಿರುತ್ತವೆ.

ಒಣಗಿದ ಒಂದು ಕಾಯಿ ತೆಗೆದುಕೊಂಡು ಉದ್ದಕ್ಕೆ ಸೀಳಿ. ಒಳಗೆ ಅಡ್ಡಡ್ಡ ತೆಳು ಗೋಡೆಗಳು, ಗೋಡೆ ಗೋಡೆಯ ನಡುವೆ ಒಂದೊಂದು ಚಪ್ಪಟೆ ಬೀಜ. ಬೀಜ ಸಣ್ಣದು, ಅರ್ಧ ಸೆಂ.ಮೀ. ಇರಬಹುದು, ಕಂದು ಬಣ್ಣ. ಒಂದು ಕಾಯಿಯ ಬೀಜಗಳನ್ನು ಕಾಗದದ ಮೇಲೆ ಸುರಿದು ಎಣಿಸಿ. 50ಕ್ಕೂ ಮೇಲೆ ಸಿಗುವುದು ಸಾಮಾನ್ಯ. ಒಂದು ಗೊಂಚಲಿಗೆ ಎಷ್ಟು ಕಾಯಿ, ಒಂದು ಮರಕ್ಕೆ ಎಷ್ಟು ಗೊಂಚಲು ಅಂತ ಗುಣಿಸುತ್ತ ಹೋದರೆ ಈ ಮರ ಕಾಡನ್ನು ಹೇಗೆ ತುಂಬಿತು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜದ ಸಿಪ್ಪೆ ಗಟ್ಟಿ, ಮಣ್ಣಿನಲ್ಲಿ ಕಾದು ಕೂರುತ್ತದೆ. ಎಣಿಸಿದ ಬೀಜ ಮತ್ತೆ ಚೀಲಕ್ಕೆ ಹಾಕುವುದು ಮರೆಯಬೇಡಿ.

ಪಕ್ಕದಲ್ಲಿ ಕಕ್ಕೆಯ ಕಾಯಿ ಇಟ್ಟು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಕಕ್ಕೆ ಕಾಯಿಯೂ ದುಂಡಗೆ ಕಪ್ಪಗೆ ಇದೆ ನಿಜ. ಆದರೆ 30ರಿಂದ 60 ಸೆಂ.ಮೀ. ಉದ್ದ, ಹೆಬ್ಬೆರಳಿನಷ್ಟು ದಪ್ಪ, ಮರದಂತೆ ಗಟ್ಟಿ. ಒಡೆದರೆ ಒಳಗೆ ಅಂಟಂಟಾದ ಕಪ್ಪು ತಿರುಳು, ಅದಕ್ಕೊಂದು ವಾಸನೆ. ನಾಟಿ ಔಷಧಿಗೆ ಬಳಸುವುದು ಇದೇ ತಿರುಳು, ಕರಡಿ ಕಾಯಿ ಒಡೆದು ತಿನ್ನುವುದೂ ಇದಕ್ಕೇ. ಸ್ಪೆಕ್ಟಾಬಿಲಿಸ್ ಕಾಯಿಯಲ್ಲಿ ಅಂಥ ತಿರುಳಿಲ್ಲ.

ಹಂತ 6: ನಿಜವಾಗಿ ಗೊಂದಲ ಮಾಡುವುದು ಸೀಮೆ ತಂಗಡಿ

ಕಕ್ಕೆಯನ್ನು ಬೇರೆ ಮಾಡುವುದು ಕಷ್ಟವಲ್ಲ. ತಲೆ ಕೆಡಿಸುವುದು ಸೀಮೆ ತಂಗಡಿ, ಅಂದರೆ ಸೆನ್ನಾ ಸಯಾಮಿಯಾ. ರಸ್ತೆ ಬದಿಯಲ್ಲಿ, ಶಾಲೆ ಆವರಣದಲ್ಲಿ, ಕೆರೆ ಏರಿಯ ಮೇಲೆ, ಹಳೆಯ ನೆಡುತೋಪುಗಳಲ್ಲಿ ಎಲ್ಲ ಕಡೆ ಇದೆ. ಇದೂ ಹೊರಗಿನದೇ, ಆಗ್ನೇಯ ಏಷ್ಯಾ ಕಡೆಯದು. ಮೇಲಕ್ಕೆ ನಿಂತ ಹಳದಿ ಗೊಂಚಲು, ಜೋಡಿ ಕಿರುಎಲೆ, ಗ್ರಂಥಿ ಇಲ್ಲದ ಕಡ್ಡಿ, ಮಳೆಗಾಲದ ಕೊನೆಯಲ್ಲಿ ಹೂ. ಎಲ್ಲ ಒಂದೇ ತರಹ ಇದೆ, ಅಲ್ವಾ? ಮೊಬೈಲ್ ಆ್ಯಪ್‌ಗಳೂ ಇಲ್ಲೇ ಎಡವುತ್ತವೆ.

ಮೂರು ಕಡೆ ನೋಡಿ. ಒಂದು, ಕಿರುಎಲೆಯ ತುದಿ. ಸೀಮೆ ತಂಗಡಿಯದು ದುಂಡಗೆ, ಕೆಲವು ಸಲ ನಡುವೆ ಸಣ್ಣ ಕಚ್ಚು ಬೇರೆ. ಆ ಕಚ್ಚಿನಲ್ಲಿ ಕೂದಲಿನಂಥ ಒಂದು ಸಣ್ಣ ಮೊನೆ ಇರುತ್ತದೆ. ಸ್ಪೆಕ್ಟಾಬಿಲಿಸ್‌ನದು ಎಲೆಯೇ ಕಿರಿದಾಗುತ್ತ ಚೂಪಾಗುತ್ತದೆ. ಎರಡು, ಹೂವಿನ ಬಣ್ಣ. ಸೀಮೆ ತಂಗಡಿ ಹೂ ತಿಳಿ ಹಳದಿ, ಸ್ಪೆಕ್ಟಾಬಿಲಿಸ್‌ನದು ಅರಿಶಿನದಷ್ಟು ಗಾಢ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಈ ವ್ಯತ್ಯಾಸ ಹಿಡಿತಕ್ಕೆ ಸಿಗುತ್ತದೆ, ಫೋಟೊದಲ್ಲಿ ನಂಬಬೇಡಿ.

ಮೂರನೆಯದು ಕಾಯಿ, ವ್ಯಾಜ್ಯ ಮುಗಿಯುವುದು ಅಲ್ಲೇ. ಸೀಮೆ ತಂಗಡಿಯ ಕಾಯಿ ಚಪ್ಪಟೆ. ಒಣಗಿದ ಮೇಲೆ ಕಂದು ಪಟ್ಟಿಯಂತೆ, ಎರಡೂ ಅಂಚು ದಪ್ಪ, ನಡುವೆ ಬೀಜ ಇರುವ ಕಡೆ ಉಬ್ಬು ತಗ್ಗು. ಕೈಯಲ್ಲಿ ಹಿಡಿದು ಎರಡು ಬೆರಳಿನ ನಡುವೆ ಉರುಳಿಸಿ ನೋಡಿ. ಸ್ಪೆಕ್ಟಾಬಿಲಿಸ್ ಕಾಯಿ ಉರುಳುತ್ತದೆ, ಸೀಮೆ ತಂಗಡಿ ಕಾಯಿ ಉರುಳುವುದಿಲ್ಲ. ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

ಹೂ ಮಾತ್ರ ಇದೆ, ಕಾಯಿ ಇನ್ನೂ ಆಗಿಲ್ಲ ಅಂದರೆ? ಬುಡದಲ್ಲಿ ಹೋದ ವರ್ಷದ ಒಣ ಕಾಯಿ ಹುಡುಕಿ. ತರಗೆಲೆ ಸರಿಸಿದರೆ ಒಂದಾದರೂ ಸಿಗಬಹುದು. ಸಿಗದಿದ್ದರೆ ಎರಡು ತಿಂಗಳು ಕಾಯುವುದೇ ಸರಿ.

ಹಂತ 7: ಉಳಿದ ಹಳದಿಗಳು

ಹೊನ್ನೆಯ ಬಗ್ಗೆ ಮೊದಲು ಹೇಳಬೇಕು. ಬಂಡೀಪುರ, ನಾಗರಹೊಳೆಯಂಥ ಕಾಡಿನ ಸ್ವಂತ ಮರ ಅದು, ಒಳ್ಳೆಯ ಮೋಪು. ಅದೂ ಮಳೆ ಮುಗಿಯುವ ಹೊತ್ತಿಗೆ ಹಳದಿ ಹೂ ಬಿಡುವುದರಿಂದ ದೂರದ ಗುಡ್ಡದ ಮೇಲೆ ನೋಡಿದರೆ ಮೋಸ ಹೋಗುವುದು ಸುಲಭ. ಹತ್ತಿರ ಹೋದರೆ ಹೂ ತೀರಾ ಸಣ್ಣದು, ಎಸಳು ಸುಕ್ಕು ಸುಕ್ಕು, ಅವರೆ ಹೂವಿನ ಆಕಾರ. ಎಲೆಯಲ್ಲಿ 5ರಿಂದ 7 ಕಿರುಎಲೆ ಮಾತ್ರ, ತುದಿಯಲ್ಲಿ ಒಂಟಿ. ಕಾಯಿ ದುಂಡು ಬಿಲ್ಲೆ, ಸುತ್ತ ಕಾಗದದಂಥ ರೆಕ್ಕೆ. ತೊಗಟೆಗೆ ಪೆಟ್ಟು ಬಿದ್ದಲ್ಲಿ ರಕ್ತದ ಬಣ್ಣದ ಅಂಟು ಒಸರಿರುತ್ತದೆ.

ಹಳದಿ ಗುಲ್‌ಮೊಹರ್ ಅನ್ನುವ ಪೆಲ್ಟೊಫೋರಮ್ ಊರುಗಳಲ್ಲಿ ಬೇಕಾದಷ್ಟಿದೆ. ಎಲೆ ನೋಡಿದರೆ ಮುಗಿಯಿತು. ಕೆಂಪು ಗುಲ್‌ಮೊಹರ್‌ನಂತೆ ಕಡ್ಡಿಯಿಂದ ಮತ್ತೆ ಕಡ್ಡಿ ಒಡೆದು ಅದರ ಮೇಲೆ ತೀರಾ ಸಣ್ಣ ಕಿರುಎಲೆಗಳು. ಮೊಗ್ಗಿಗೆ ತುಕ್ಕಿನ ಬಣ್ಣದ ರೋಮ, ಕಾಯಿ ತಾಮ್ರದ ಬಣ್ಣದ ಚಪ್ಪಟೆ ಹಲಗೆ.

ತಂಗಡಿ, ಅಂದರೆ ಆವರಿಕೆ, ಪೊದೆ. ಒಣ ಬಯಲಿನಲ್ಲಿ ಬೆಳೆಯುತ್ತದೆ, ಗ್ರಂಥಿಯ ಗುಬುಟು ಇದೆ, ಎಲೆಯ ಬುಡದಲ್ಲಿ ಎಲೆಯಂಥದೇ ಕಿವಿಯಾಕಾರದ ದೊಡ್ಡ ಭಾಗಗಳಿವೆ. ಟೆಕೋಮಾ ಹೂ ಗಂಟೆಯಂತೆ, ಕಿರುಎಲೆಯ ಅಂಚು ಗರಗಸದಂತೆ. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಹಳದಿಯಾಗುವ ಟಬೆಬುಯಾ ಹೂವೂ ಗಂಟೆಯಾಕಾರವೇ. ಇವೆರಡರ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ.

ಹಂತ 8: ಸಸಿಯಲ್ಲೇ ಹಿಡಿಯುವುದು

ಮರ ಗುರುತಿಸುವುದಕ್ಕಿಂತ ಸಸಿ ಗುರುತಿಸುವುದರಿಂದ ಲಾಭ ಜಾಸ್ತಿ, ಯಾಕೆಂದರೆ ಸಸಿಯನ್ನು ಕೈಯಲ್ಲೇ ಕಿತ್ತುಬಿಡಬಹುದು. ಹೂವಿಲ್ಲ, ಕಾಯಿಲ್ಲ, ಎಲೆಯೊಂದೇ ಆಧಾರ. ಹಂತ 3ರಲ್ಲಿ ಹೇಳಿದ್ದನ್ನೇ ನೋಡಿ: ತುದಿಯಲ್ಲಿ ಜೋಡಿ, ಚೂಪು ಕಿರುಎಲೆ, ಕೆಳಭಾಗದಲ್ಲಿ ರೋಮ, ಗ್ರಂಥಿ ಇಲ್ಲ. ತೀರಾ ಎಳೆಯ ಸಸಿಯಲ್ಲಿ ಜೋಡಿಗಳ ಸಂಖ್ಯೆ ಕಡಿಮೆ ಇರುತ್ತದೆ, ಹಾಗಾಗಿ ಎಣಿಕೆಯನ್ನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಸಸಿ ಎಲ್ಲಿ ನಿಂತಿದೆ ಅನ್ನುವುದೂ ಒಂದು ಸುಳಿವು. ತಾಯಿ ಮರದ ಕೆಳಗೆ ನೂರಾರು ಒಟ್ಟಿಗೆ ಎದ್ದಿರುತ್ತವೆ. ದೂರ ಹೋದರೆ ಹಳ್ಳದ ದಡ, ರಸ್ತೆಯಂಚು, ಹೊಸದಾಗಿ ಮಣ್ಣು ಸುರಿದ ಜಾಗದಲ್ಲಿ ಹುಡುಕಿ. ನೀರು, ಮಣ್ಣು ಸಾಗಿಸುವ ಲಾರಿ ಎರಡೂ ಬೀಜ ಒಯ್ಯುತ್ತವೆ. ಕಡಿದ ಮೋಟಿನ ಸುತ್ತ ಐದಾರು ಕೊಂಬೆ ಒಂದೇ ಸಲ ಗುಂಪಾಗಿ ಎದ್ದಿದ್ದರೆ ಅದು ಸಸಿಯಲ್ಲ, ಹಳೆಯ ಮರವೇ ಮತ್ತೆ ಚಿಗುರಿದ್ದು. ಅಂಥ ಚಿಗುರಿನ ಎಲೆ ಮಾಮೂಲಿಗಿಂತ ದೊಡ್ಡದಾಗಿರಬಹುದು, ಅದನ್ನು ನೋಡಿ ಗಾಬರಿಯಾಗಬೇಡಿ.

ಹಂತ 9: ಫೋಟೊ ತೆಗೆದು ಖಚಿತ ಮಾಡಿಕೊಳ್ಳಿ

ಎಲ್ಲರೂ ತೆಗೆಯುವುದು ಇಡೀ ಮರದ ಒಂದು ಚೆಂದದ ಫೋಟೊ. ಅದರಿಂದ ಯಾರಿಗೂ ಏನೂ ಹೇಳಲಾಗುವುದಿಲ್ಲ. ಬೇಕಾದದ್ದು ಇವು: ಗೊಂಚಲು ಪಕ್ಕದಿಂದ, ಹೂವಿನ ನಡುಭಾಗ ಹತ್ತಿರದಿಂದ, ಇಡೀ ಎಲೆ ಒಂದು ಬಿಳಿ ಕಾಗದದ ಮೇಲೆ ಸ್ಕೇಲಿನ ಜೊತೆ, ಅದೇ ಎಲೆಯ ಹಿಂಭಾಗ, ಕಾಯಿ ಹೊರಗಿನಿಂದ, ಕಾಯಿ ಸೀಳಿ ಒಳಗಿನಿಂದ. ಕೊನೆಗೆ ತೊಗಟೆ. ಎಳೆಯ ಮರದ ತೊಗಟೆ ಬೂದು, ನುಣುಪು, ವಯಸ್ಸಾದಂತೆ ಒರಟು. ಅದರಿಂದ ಮಾತ್ರ ಗುರುತಿಸಲು ಹೋಗಬೇಡಿ.

ಈ ಫೋಟೊಗಳನ್ನು ಜಾಗದ ವಿವರದ ಜೊತೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಸಸ್ಯಗಳನ್ನು ಬಲ್ಲವರು ನೋಡಿ ಹೇಳುತ್ತಾರೆ. ಆ ದಾಖಲೆ ಮುಂದೆ ಅಧ್ಯಯನ ಮಾಡುವವರಿಗೂ ಉಳಿಯುತ್ತದೆ. ಹೋಲಿಸಿ ನೋಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯ ಸಂಗ್ರಹಾಲಯ ಸಿದ್ಧಪಡಿಸಿದ ಕರ್ನಾಟಕದ ಡಿಜಿಟಲ್ ಫ್ಲೋರಾ ಇದೆ. ಆ್ಯಪ್ ಕೊಟ್ಟ ಮೊದಲ ಹೆಸರನ್ನೇ ಹಿಡಿದುಕೊಂಡು ಮರ ಕಡಿಯಲು ಹೊರಡಬೇಡಿ.

ಗುರುತು ಸಿಕ್ಕ ಮೇಲೆ

ಮೊದಲನೆಯದಾಗಿ ಕಡಿಯಬೇಡಿ. ಇದು ವಿಚಿತ್ರ ಅನ್ನಿಸಬಹುದು. ಆದರೆ ಈ ಮರವನ್ನು ಕಡಿದರೆ ಮೋಟಿನಿಂದ ಒಂದಕ್ಕೆ ಹತ್ತು ಚಿಗುರು ಬರುತ್ತದೆ. ಒಂದು ಕಾಂಡ ಇದ್ದದ್ದು ಪೊದೆಯಾಗುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಹೇಳಿರುವ ದಾರಿ ಬೇರೆ. ಸಸಿ ಮತ್ತು ಸಣ್ಣ ಗಿಡಗಳನ್ನು ಬೇರು ಸಮೇತ ಕೀಳುವುದು, ದೊಡ್ಡ ಮರ ಆದರೆ ನಿಂತ ಹಾಗೇ ಬುಡದ ತೊಗಟೆಯನ್ನು ಸುತ್ತಲೂ ಸುಲಿದು ಒಣಗಲು ಬಿಡುವುದು. ಮರ ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆಫ್ರಿಕಾದಲ್ಲೂ ಇದೇ ಮರದ ಕಾಟ ಇದೆ. ತಾಂಜಾನಿಯಾದ ಮಹಾಲೆ ರಾಷ್ಟ್ರೀಯ ಉದ್ಯಾನದಲ್ಲೂ ತೊಗಟೆ ಸುಲಿಯುವ ವಿಧಾನವನ್ನೇ ಬಳಸಿ ನೋಡಿದ್ದಾರೆ. ತಮಿಳುನಾಡಿನವರು ಮುದುಮಲೆ ಭಾಗದಲ್ಲಿ ಮರ ತೆಗೆದು ಸರ್ಕಾರಿ ಕಾಗದ ಕಾರ್ಖಾನೆ ಟಿಎನ್‌ಪಿಎಲ್‌ಗೆ ತಿರುಳು ಮಾಡಲು ಕೊಡುವ ವ್ಯವಸ್ಥೆ ಮಾಡಿದರು. ಅದು ಸರ್ಕಾರದ ಮಟ್ಟದ ಕೆಲಸ, ಬಿಡಿ.

ಕಾಡಿನೊಳಗೆ ಅಥವಾ ಕಾಡಂಚಿನಲ್ಲಿ ಕಂಡರೆ ನೀವಾಗಿಯೇ ಏನೂ ಮಾಡಬೇಡಿ. ಅಭಯಾರಣ್ಯದಲ್ಲಿ ಕಳೆ ಮರ ಕಿತ್ತರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಫೋಟೊ, ಜಾಗ, ಎಷ್ಟು ಮರ ಇದೆ ಅನ್ನುವ ಅಂದಾಜು ಇಷ್ಟನ್ನು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಡಿ, ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಎಲ್ಲಿ ಹೊಸದಾಗಿ ಒಂದೆರಡು ಮರ ಎದ್ದಿದೆಯೋ ಆ ಮಾಹಿತಿಗೆ ಬೆಲೆ ಹೆಚ್ಚು. ತುಂಬಿ ಹೋದ ಜಾಗ ಎಲ್ಲರಿಗೂ ಗೊತ್ತಿರುತ್ತದೆ.

ನಿಮ್ಮದೇ ತೋಟದಲ್ಲಿದ್ದರೆ ಸಸಿ ಕೀಳಲು ಮಳೆಗಾಲವೇ ಸರಿ. ಮಣ್ಣು ಮೆತ್ತಗಿದ್ದಾಗ ಬೇರು ತುಂಡಾಗದೆ ಬರುತ್ತದೆ. ಬೇರು ಒಳಗೇ ಉಳಿದರೆ ಮತ್ತೆ ಚಿಗುರಬಹುದು. ದೊಡ್ಡ ಮರಕ್ಕೆ ಕೈ ಹಾಕುವ ಮುಂಚೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಅಂತ ವೃಕ್ಷಾಧಿಕಾರಿಯನ್ನು ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ತೊಗಟೆ ಸುಲಿದ ಮರ ಒಣಗಿದ ಮೇಲೆ ಗಾಳಿಗೆ ಬೀಳಬಹುದು. ಮನೆ, ಕರೆಂಟು ತಂತಿ, ಓಡಾಡುವ ದಾರಿಯ ಪಕ್ಕದಲ್ಲಿದ್ದರೆ ಆ ವಿಧಾನ ಬೇಡ.

ತೊಗಟೆ ಸುಲಿಯುವುದಾದರೆ ಕಾಯಿ ಬಲಿಯುವ ಮುಂಚೆ ಸುಲಿಯಿರಿ. ನೆಲಮಟ್ಟದಿಂದ ಹಿಡಿದು ಎದೆಮಟ್ಟದವರೆಗೆ ಒಂದು ಎಳೆಯೂ ಉಳಿಯದಂತೆ ತೆಗೆಯಬೇಕು. ಒಂದು ಬೆರಳಗಲ ತೊಗಟೆ ಉಳಿದರೂ ಮರ ಅಲ್ಲಿಂದಲೇ ಉಸಿರಾಡಿಕೊಳ್ಳುತ್ತದೆ. ಬುಡದ ಮಣ್ಣು ಸ್ವಲ್ಪ ಕೆದಕಿ ಬೇರು ಶುರುವಾಗುವ ಜಾಗವನ್ನೂ ನೋಡಿ. ಆಮೇಲೆ ತಿಂಗಳಿಗೊಮ್ಮೆ ಹೋಗಿ ಸುಲಿದ ಜಾಗದ ಕೆಳಗೆ ಬಂದ ಚಿಗುರನ್ನು ಕೈಯಲ್ಲೇ ಮುರಿದು ಹಾಕಿ. ಮರ ಒಣಗಿ ಬಿಸಿಲು ಬಿದ್ದ ಮೊದಲ ಮಳೆಗೆ ಮಣ್ಣಿನಲ್ಲಿದ್ದ ಬೀಜವೆಲ್ಲ ಒಟ್ಟಿಗೆ ಮೊಳೆಯುತ್ತದೆ. ಆ ಸಸಿಗಳು ಮೊಣಕಾಲೆತ್ತರ ಆಗುವುದರೊಳಗೆ ಕಿತ್ತುಬಿಡಿ. ಮುಂದಿನ ಮಳೆಗಾಲಗಳಲ್ಲೂ ಅದೇ ಜಾಗವನ್ನು ಮತ್ತೆ ನೋಡಬೇಕಾಗುತ್ತದೆ.